ಊಟದ ಮೇಜಿನ ಮೇಲಿದ್ದ ಚಕ್ರವರ್ತಿ

ನಾನು ಬೆಳೆದ ಮನೆಯಲ್ಲಿ ಊಟದ ಮೇಜಿನ ಮೇಲೆ ತಟ್ಟೆ ಇಟ್ಟು ಉಂಡ ನೆನಪು ನನಗಿಲ್ಲ. ಮೇಜು ಇತ್ತು, ನಾಲ್ಕು ಕುರ್ಚಿಗಳೂ ಇದ್ದವು. ಆದರೆ ಅದರ ಮೇಲೆ ಜಪಾನಿನ ಒಬ್ಬ ಚಕ್ರವರ್ತಿ ವಾಸವಾಗಿದ್ದ. ವಾಸವಾಗಿದ್ದಳು ಎನ್ನಬೇಕು. ಅವಳು ಹೆಂಗಸು, ಇನ್ನೂ ಸರಿಯಾಗಿ ಹೇಳಬೇಕೆಂದರೆ ಹುಡುಗಿ. ಅಪ್ಪ ಅವಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದ. ಅವಳ ಅಪ್ಪ, ಅವಳ ತಾತ, ಅವಳ ಸೋದರಮಾವ, ಅವಳ ಆಸ್ಥಾನದವರು ಬರೆದಿಟ್ಟ ದಿನಚರಿಗಳ ಜೆರಾಕ್ಸ್ ಪ್ರತಿಗಳು ಮೇಜಿನ ತುಂಬ ಹರಡಿಕೊಂಡು, ಕುರ್ಚಿಗಳಿಗೂ ಇಳಿದು, ಗೋಡೆಯ ಬುಡದವರೆಗೆ ಬಂದಿದ್ದವು. ನಾವು ನೆಲದ ಮೇಲೆ ಹಳೆಯ ಬೆಡ್‌ಶೀಟ್ ಹಾಸಿಕೊಂಡು ಊಟ ಮಾಡುತ್ತಿದ್ದೆವು. ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ, ಯೂನಿವರ್ಸಿಟಿ ಸಿಟಿ ಎಂಬ ಬಡಾವಣೆಯ ಆ ಅಪಾರ್ಟ್‌ಮೆಂಟಿನಲ್ಲಿ ಒಂದು ಹಾಲ್, ಒಂದು ಬೆಡ್‌ರೂಮ್, ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕಾದಂಥ ಅಡುಗೆಮನೆ. ಕಿಟಕಿಯಾಚೆ ನೀಲಗಿರಿ ಮರಗಳು. ಆಗಾಗ ಮಿಲಿಟರಿ ವಿಮಾನಗಳು ಮನೆಯ ಮೇಲೆ ಹಾದುಹೋಗುವಾಗ ಪಾತ್ರೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು, ನಾವು ಮಾತು ನಿಲ್ಲಿಸಿ ಮತ್ತೆ ಶುರು ಮಾಡುತ್ತಿದ್ದೆವು.

ಅಪ್ಪ ಮೈಸೂರಿನವನು. ಬೆಂಗಳೂರಿನ ಹತ್ತಿರ ಜಪಾನಿನವರು ನಡೆಸುತ್ತಿದ್ದ ಒಂದು ಕಾರ್ಖಾನೆಯಲ್ಲಿ ದುಭಾಷಿಯಾಗಿ ಕೆಲಸ ಮಾಡುತ್ತಿದ್ದ. ಎಂಜಿನಿಯರುಗಳ ಮಾತನ್ನು ಕನ್ನಡಕ್ಕೂ ಇಂಗ್ಲಿಷಿಗೂ ತಿರುಗಿಸುತ್ತಾ ತಿರುಗಿಸುತ್ತಾ ಅವನಿಗೆ ಆ ಭಾಷೆಯ ಹಳೆಯ ಪುಸ್ತಕಗಳ ಹುಚ್ಚು ಹತ್ತಿತು. ಮೂವತ್ತೈದು ದಾಟಿದ ಮೇಲೆ, ಹೆಂಡತಿ ಮತ್ತು ಆರು ವರ್ಷದ ಮಗಳನ್ನು ಕಟ್ಟಿಕೊಂಡು, ಇತಿಹಾಸ ಓದಲು ಅಮೆರಿಕಕ್ಕೆ ಬಂದ. ಸ್ಯಾನ್ ಡಿಯೇಗೋದಲ್ಲಿ ನಮಗೆ ಗೊತ್ತಿದ್ದ ಕನ್ನಡದವರೆಲ್ಲ ಟೆಲಿಕಾಂ ಕಂಪನಿಗಳಲ್ಲಿದ್ದರು. ಯಾರದಾದರೂ ಮನೆಯ ಸತ್ಯನಾರಾಯಣ ಪೂಜೆಗೆ ಹೋದರೆ ಅಂಕಲ್‌ಗಳು ಅಪ್ಪನನ್ನು "ನಿಮ್ಮದು ಯಾವ ಪ್ರಾಜೆಕ್ಟು?" ಎಂದು ಕೇಳುತ್ತಿದ್ದರು. ಅಪ್ಪ "ಹದಿನೇಳನೇ ಶತಮಾನದ್ದು" ಎನ್ನುತ್ತಿದ್ದ. ಅವರು ನಕ್ಕು ಪ್ರಸಾದದ ಕಡೆ ತಿರುಗುತ್ತಿದ್ದರು.

ಅಮ್ಮನ ಊರು ಧಾರವಾಡ. ಅವಳು ಸೌಂಡ್ ಎಡಿಟರ್. ಧಾರಾವಾಹಿಗಳಲ್ಲಿ ಜನ ಆಡುವ ಮಾತಿನ ನಡುವಿನ ಕೆಮ್ಮು, ಕುರ್ಚಿಯ ಕಿರಿಕಿರಿ, ಬೀದಿಯ ಗದ್ದಲ ಇವನ್ನೆಲ್ಲ ತೆಗೆದು ಮಾತನ್ನು ಶುದ್ಧ ಮಾಡುವುದು ಅವಳ ಕೆಲಸ. ನನಗೆ ಹತ್ತು ತುಂಬಿದ ವರ್ಷ ಅವಳಿಗೆ ಲಾಸ್ ಏಂಜಲೀಸ್ ಪಕ್ಕದ ಬರ್ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ದಿನಾ ಅಷ್ಟು ದೂರ ಡ್ರೈವ್ ಮಾಡಲು ಆಗುವುದಿಲ್ಲ ಎಂದು ಅಲ್ಲೇ ಒಂದು ಸಣ್ಣ ಅಪಾರ್ಟ್‌ಮೆಂಟ್ ಹಿಡಿದಳು. ಶುಕ್ರವಾರ ಸಂಜೆ ಬರುತ್ತಿದ್ದಳು, ಭಾನುವಾರ ಸಂಜೆ ಹೋಗುತ್ತಿದ್ದಳು. ಹೋಗುವಾಗ ಒಂದೊಂದು ವಾರ ಒಂದೊಂದು ಸಾಮಾನು ಜೊತೆಗೆ ಹೋಗುತ್ತಿತ್ತು. ಇಸ್ತ್ರಿ ಪೆಟ್ಟಿಗೆ, ಚಪಾತಿ ಮಣೆ, ಚಳಿಗಾಲದ ಶಾಲು. ಅಲ್ಲಿ ಬೇಕಾಗಿರಬಹುದು ಎಂದುಕೊಂಡೆ. ಅದಕ್ಕಿಂತ ಹೆಚ್ಚಿನದೇನನ್ನೂ ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ. ಇತ್ತೇನೋ, ಯೋಚಿಸಲಿಲ್ಲ. ಯಾವುದು ನಿಜ ಎಂದು ಈಗ ಹೇಳಲಾರೆ.

ಮರುವರ್ಷ ಫೆಬ್ರವರಿಯಲ್ಲಿ ಅಮ್ಮನ ತಾಯಿ, ನನ್ನ ಅಜ್ಜಿ, ಮೂರು ತಿಂಗಳಿಗೆಂದು ಧಾರವಾಡದಿಂದ ಬಂದಳು. ಮಾರ್ಚಿನಲ್ಲಿ ಸೋಂಕು ಹಬ್ಬಿ ಎಲ್ಲವೂ ಮುಚ್ಚಿತು. ಶಾಲೆ, ಯೂನಿವರ್ಸಿಟಿ ಲೈಬ್ರರಿ, ವಿಮಾನ, ಎಲ್ಲ. ಮೂರು ತಿಂಗಳ ಅಜ್ಜಿ ಹದಿನಾಲ್ಕು ತಿಂಗಳು ಇರಬೇಕಾಯಿತು. ಅಮ್ಮನ ಸ್ಟುಡಿಯೋ ಕೂಡ ಮುಚ್ಚಿ, ಎಲ್ಲರಿಗೂ ವರ್ಕ್ ಫ್ರಮ್ ಹೋಮ್ ಎಂದಿತು. ನನಗೆ ಖುಷಿಯಾಯಿತು. ಅಮ್ಮ ಈಗ ಮನೆಗೆ ಬರುತ್ತಾಳೆ ಎಂದುಕೊಂಡೆ. ಅಮ್ಮ ಫೋನಿನಲ್ಲಿ ಹೇಳಿದಳು:

"ಮೆಷಿನ್ ಎಲ್ಲಾ ಇಲ್ಲೇ ಸೆಟಪ್ ಮಾಡಿದಾರೆ ಪುಟ್ಟಿ. ನಾನು ಇಲ್ಲಿಂದಾನೇ ಮಾಡ್ಬೇಕು."

"ಹಾಗಾದ್ರೆ ಯಾವುದು ಹೋಮ್?" ಎಂದೆ. ಅವಳು ಅಜ್ಜಿಗೆ ಫೋನ್ ಕೊಡು ಎಂದಳು.

ಹೀಗೆ ಆ ಮನೆಯಲ್ಲಿ ಉಳಿದವರು ನಾವು ಮೂವರು: ಅಪ್ಪ, ಅಪ್ಪನ ಅತ್ತೆ, ನಾನು. ಅಳಿಯ ಮತ್ತು ಅತ್ತೆ ಮಗಳಿಲ್ಲದ ಮನೆಯಲ್ಲಿ ಒಟ್ಟಿಗೆ ದಿನ ಕಳೆಯುವುದು ಇಬ್ಬರಿಗೂ ಕಷ್ಟವಾಗಿತ್ತು. ಅಪ್ಪ ಹಾಲಿನ ಸೋಫಾ ಮೇಲೆ ಮಲಗುತ್ತಿದ್ದ. ಅಜ್ಜಿ ಬೆಳಿಗ್ಗೆ ಬೆಡ್‌ರೂಮಿನಿಂದ ಹೊರಬರುವ ಮೊದಲು ಒಳಗಿನಿಂದಲೇ ಒಮ್ಮೆ ಕೆಮ್ಮುತ್ತಿದ್ದಳು, ಅವನು ಎದ್ದು ಹೊದಿಕೆ ಮಡಚಲಿ ಎಂದು. ಅವನು ಚಹಾ ಮಾಡಿ ಕೊಡುತ್ತಿದ್ದ, ಅವಳು "ಬ್ಯಾಡ್ರಿ, ನಾ ಮಾಡ್ಕೋತೇನಿ" ಎನ್ನುತ್ತಲೇ ತೆಗೆದುಕೊಳ್ಳುತ್ತಿದ್ದಳು. ಮೊದಮೊದಲು ಅವರಿಬ್ಬರ ನಡುವೆ ಮಾತಿಗೆ ವಿಷಯವೇ ಇರಲಿಲ್ಲ. ಅಮ್ಮನ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ಜೋಳದ ಭಕ್ಕರಿ ಬಡಿಯಲು ಜಾಗ ಸಾಲದೆ, ಅಜ್ಜಿ ಹಿಟ್ಟಿನ ಕೈಯಲ್ಲೇ ಮೇಜಿನ ಮುಂದೆ ಬಂದು ನಿಂತಳು.

"ಇದ್ಯಾರ್ರೀ, ಇಷ್ಟೆಲ್ಲಾ ಹಾಳಿ ಒಳಗ ಕುಂತಾಕಿ?"

ಅಪ್ಪ ತಲೆಯೆತ್ತಿದ. ಆ ಮನೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಅಷ್ಟು ನೇರವಾಗಿ ಕೇಳಿರಲಿಲ್ಲ. ಅಮ್ಮ ಅದನ್ನೆಲ್ಲ "ನಿನ್ನ ಪೇಪರ್ಸು" ಎನ್ನುತ್ತಿದ್ದಳು.

"ಮೇಶೋ ಅಂತ ಅತ್ತೆ. ಜಪಾನಿನ ಚಕ್ರವರ್ತಿ. ಏಳನೇ ವಯಸ್ಸಿಗೆ ಪಟ್ಟಕ್ಕೆ ಬಂದ್ಲು."

"ಏಳಕ್ಕ?"

"ಅವರ ಲೆಕ್ಕದಲ್ಲಿ ಏಳು. ಹುಟ್ಟಿದ ಕೂಡಲೇ ಒಂದು ಅಂತ ಎಣಿಸ್ತಾರೆ, ಹೊಸ ವರ್ಷ ಬಂದ್ರೆ ಇನ್ನೊಂದು. ನಮ್ಮ ಲೆಕ್ಕದಲ್ಲಿ ಆರೂ ತುಂಬಿರಲಿಲ್ಲ."

"ಅಯ್ಯ ಶಿವನ. ಹಲ್ಲು ಬಿದ್ದಿರಾಕಿಲ್ಲ ಇನ್ನಾ. ಮತ್ತ ಅಕಿ ಅಪ್ಪ ತೀರಿಕೊಂಡಿದ್ದನೇನು?"

"ಇಲ್ಲ. ಗಟ್ಟಿಮುಟ್ಟಾಗಿದ್ದ."

ಅಜ್ಜಿ ಕೈ ತೊಳೆದುಕೊಂಡು ಬಂದು ಕೂತಳು. ಆ ದಿನದಿಂದ ಬೆಳಗಿನ ಊಟದ ಹೊತ್ತಿಗೆ, ಅಜ್ಜಿ ಪಲ್ಯದ ಸೊಪ್ಪು ಸೋಸುವಾಗ, ಅಪ್ಪ ಕತೆ ಹೇಳುವುದು ನಮ್ಮ ಮನೆಯ ಪದ್ಧತಿಯಾಯಿತು. ನನ್ನ ಆನ್‌ಲೈನ್ ಕ್ಲಾಸ್ ಹತ್ತು ಗಂಟೆಗೆ ಶುರುವಾಗುತ್ತಿತ್ತು. ಅದಕ್ಕೆ ಮುಂಚೆ ಶೇಂಗಾ ಚಟ್ನಿ, ಬಿಸಿ ಭಕ್ಕರಿ ಮತ್ತು ಕ್ಯೋಟೋ ನಗರದ ಅರಮನೆ. ಅಜ್ಜಿಗೆ ಅಲ್ಲಿನ ಹೆಸರುಗಳು ನಾಲಿಗೆಗೆ ಬರುತ್ತಿರಲಿಲ್ಲ. ಅವಳು ಎಲ್ಲರನ್ನೂ ನಂಟಿನಿಂದ ಕರೆದಳು. ಹುಡುಗಿಯ ಅಪ್ಪ, ಹುಡುಗಿಯ ತಾಯಿಯ ಅಪ್ಪ, ಹುಡುಗಿಯ ಸೋದರಮಾವ.

ಕತೆ ನನಗೆ ಅರ್ಥವಾದಷ್ಟು ಹೀಗೆ. ಚಕ್ರವರ್ತಿ ಇರುವುದು ಕ್ಯೋಟೋದಲ್ಲಿ. ಆದರೆ ಆಳುವವನು ಅವನಲ್ಲ. ಶೋಗನ್ ಎಂಬ ಸೇನಾಧಿಪತಿ, ದೂರದ ಎಡೋ ಪಟ್ಟಣದಲ್ಲಿ, ಅಂದರೆ ಈಗಿನ ಟೋಕಿಯೋದಲ್ಲಿ ಕೂತು ಎಲ್ಲವನ್ನೂ ನಡೆಸುತ್ತಾನೆ. ಶೋಗನ್ ತನ್ನ ಮಗಳನ್ನು ಚಕ್ರವರ್ತಿಗೆ ಕೊಟ್ಟು ಮದುವೆ ಮಾಡಿದ. ಅವರ ಮಗಳೇ ಈ ಹುಡುಗಿ. ಚಕ್ರವರ್ತಿ ಕೆಲವು ಸನ್ಯಾಸಿಗಳಿಗೆ ಗೌರವಕ್ಕೆಂದು ನೇರಳೆ ಬಣ್ಣದ ನಿಲುವಂಗಿ ಕೊಟ್ಟ. ನಮ್ಮನ್ನು ಕೇಳದೆ ಕೊಟ್ಟದ್ದು ನಡೆಯುವುದಿಲ್ಲ ಎಂದು ಶೋಗನ್ ಕಡೆಯವರು ಅದನ್ನು ರದ್ದು ಮಾಡಿದರು. ಚಕ್ರವರ್ತಿಗೆ ಅವಮಾನವಾಯಿತು. ಇಂಥವೇ ಇನ್ನೂ ಕೆಲವು ಸೇರಿಕೊಂಡು, ಒಂದು ದಿನ ಆಸ್ಥಾನದವರನ್ನೆಲ್ಲ ಏಕೆಂದು ಹೇಳದೆ ಕರೆಸಿದ. ಅವರು ಬಂದು ನಿಂತ ಮೇಲೆ, ಎಡೋಗೆ ಒಂದು ಮಾತೂ ತಿಳಿಸದೆ, ನಾನು ಪಟ್ಟ ಬಿಟ್ಟೆ, ಇನ್ನು ನನ್ನ ಮಗಳು ಚಕ್ರವರ್ತಿ ಎಂದುಬಿಟ್ಟ. ಎಂಟುನೂರಕ್ಕೂ ಹೆಚ್ಚು ವರ್ಷ ಆ ಸಿಂಹಾಸನದ ಮೇಲೆ ಹೆಣ್ಣು ಕೂತಿರಲಿಲ್ಲ.

"ಸಿಟ್ಟು ಅಪ್ಪಂದು," ಅಜ್ಜಿ ಹೇಳಿದಳು, "ಕೂಸಿಗ್ಯಾಕ ಶಿಕ್ಷಾ?"

"ಶಿಕ್ಷೆ ಅಲ್ಲ ಅತ್ತೆ. ಪಟ್ಟ."

"ಪಟ್ಟ ಅಂತೀರಿ. ಮದವಿ ಆತೇನು ಅಕಿದು?"

"ಇಲ್ಲ. ಪಟ್ಟಕ್ಕೆ ಬಂದ ಹೆಣ್ಣು ಮದುವೆ ಆಗೋ ಹಾಗಿರಲಿಲ್ಲ."

"ಹುಕುಂ ಅರ ಅಕಿದು ನಡೀತಿತ್ತೇನು?"

"ಅದೂ ಇಲ್ಲ. ಒಳಗಿಂದು ಅಪ್ಪ ನೋಡ್ಕೋತಿದ್ದ. ಹೊರಗಿಂದು ಶೋಗನ್."

"ಮತ್ತ ಅಕಿ ಏನ್ ಮಾಡತಿದ್ಲು?"

ಅಪ್ಪ ಪೆನ್ನಿನ ಹಿಂಬದಿಯಿಂದ ಕಿವಿ ಕೆರೆದುಕೊಂಡ. "ಕೂತಿರ್ತಿದ್ಲು," ಎಂದ.

ನನ್ನ ತಲೆ ಕೆಡುತ್ತಿದ್ದುದು ಇಲ್ಲಿಯೇ. ಅಪ್ಪ ಬದುಕಿರುವಾಗ ಮಗಳು ರಾಜ. ರಾಜನಾದರೂ ಆಳುವವಳಲ್ಲ. ಪಟ್ಟ ಬಿಟ್ಟವನ ಮಾತೇ ನಡೆಯುತ್ತದೆ. ಆ ಕಡೆ ಎಡೋದಲ್ಲಿಯೂ ಅವಳ ತಾತ ಶೋಗನ್ ಪದವಿಯನ್ನು ಮಗನಿಗೆ ಬಿಟ್ಟುಕೊಟ್ಟಿದ್ದ, ಆದರೆ ಅಲ್ಲೂ ಅವನ ಮಾತೇ ನಡೆಯುತ್ತಿತ್ತು. ಹೆಸರಿನ ವಿಷಯ ಇನ್ನೂ ವಿಚಿತ್ರ. ಅವಳು ಬದುಕಿದ್ದಾಗ ಅವಳ ಹೆಸರು ಓಕಿಕೊ. ಮೇಶೋ ಎಂಬ ಹೆಸರನ್ನು ಕೊಟ್ಟದ್ದು ಅವಳು ತೀರಿಹೋದ ಮೇಲೆ. ತನ್ನನ್ನು ಜಗತ್ತು ಯಾವ ಹೆಸರಿನಿಂದ ಕರೆಯುತ್ತದೋ ಆ ಹೆಸರನ್ನು ಅವಳು ಒಮ್ಮೆಯೂ ಕೇಳಲಿಲ್ಲ. ಇದನ್ನು ಕೇಳಿ ಅಜ್ಜಿ ಸೊಪ್ಪು ಸೋಸುವುದನ್ನೇ ನಿಲ್ಲಿಸಿ, "ಸತ್ತ ಮ್ಯಾಲ ನಾಮಕರಣಾನ?" ಎಂದು ಗಟ್ಟಿಯಾಗಿ ನಕ್ಕಳು. ಅಪ್ಪನೂ ನಕ್ಕ. ಅವರಿಬ್ಬರೂ ಒಟ್ಟಿಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ನಗಲಿಲ್ಲ. ನನ್ನನ್ನು ಅಮ್ಮ ಶಾಲೆಯ ಹೆಸರಿನಿಂದಲೂ ಅಪ್ಪ ಪುಟ್ಟಿ ಎಂದೂ ಅಜ್ಜಿ ಕೂಸೇ ಎಂದೂ ಕರೆಯುತ್ತಿದ್ದರು. ಅಮ್ಮ ಫೋನಿನಲ್ಲಿ ಪುಟ್ಟಿ ಎಂದರೆ ಏನೋ ಕೆಟ್ಟ ಸುದ್ದಿ ಇದೆ ಎಂದು ಅಷ್ಟು ಹೊತ್ತಿಗೆ ನನಗೆ ತಿಳಿಯತೊಡಗಿತ್ತು.

ಅಮ್ಮನನ್ನು ನಾವು ನೋಡುತ್ತಿದ್ದುದು ಆರ್ಟೀಸಿಯಾದಲ್ಲಿ, ಎರಡು ಊರುಗಳ ನಡುವೆ ನಮ್ಮ ದೇಶದವರ ಅಂಗಡಿಗಳಿದ್ದ ಊರು. ಎರಡು ವಾರಕ್ಕೊಮ್ಮೆ ಶನಿವಾರ ಬೆಳಿಗ್ಗೆ ಅಪ್ಪ ನಮ್ಮಿಬ್ಬರನ್ನು ಕಾರಿನಲ್ಲಿ ಕೂರಿಸಿಕೊಂಡು ಉತ್ತರಕ್ಕೆ ಹೊರಡುತ್ತಿದ್ದ. ಅಜ್ಜಿಗೆ ಜೋಳದ ಹಿಟ್ಟು, ನನಗೆ ಸೋನ್‌ಪಾಪ್ಡಿ ಎಂಬ ನೆಪ. ಪಯೊನಿಯರ್ ಬುಲೆವಾರ್ಡಿನ ಒಂದು ಅಂಗಡಿಯ ಹಿಂದಿನ ಪಾರ್ಕಿಂಗ್ ಲಾಟಿನಲ್ಲಿ ಅಮ್ಮನ ಬೂದು ಬಣ್ಣದ ಕಾರು ಮೊದಲೇ ಬಂದು ನಿಂತಿರುತ್ತಿತ್ತು. ಅಂಗಡಿಯೊಳಗೆ ಒಮ್ಮೆಗೆ ಇಷ್ಟೇ ಜನ ಎಂಬ ನಿಯಮವಿತ್ತು, ಮಾಸ್ಕ್ ಹಾಕಿದ ಸಾಲು ಸೀರೆ ಅಂಗಡಿಯವರೆಗೂ ಚಾಚಿರುತ್ತಿತ್ತು. ಅಜ್ಜಿ ಸಾಲಿನಲ್ಲಿ ನಿಲ್ಲುತ್ತಿದ್ದಳು. ನಾನು ಬ್ಯಾಗು ತೆಗೆದುಕೊಂಡು ಅಪ್ಪನ ಕಾರಿನಿಂದ ಇಳಿದು ಅಮ್ಮನ ಕಾರಿಗೆ ಹತ್ತುತ್ತಿದ್ದೆ. ಭಾನುವಾರ ಸಂಜೆ ಅದೇ ಜಾಗದಲ್ಲಿ ಅಮ್ಮನ ಕಾರಿನಿಂದ ಇಳಿದು ಅಪ್ಪನ ಕಾರಿಗೆ. ಅವರಿಬ್ಬರೂ ಇಳಿಯುತ್ತಿರಲಿಲ್ಲ. ಸೋಂಕಿನ ಭಯಕ್ಕೆ ಎಂದುಕೊಂಡಿದ್ದೆ. ಆ ಕಾಲದಲ್ಲಿ ಅರ್ಥವಾಗದ್ದಕ್ಕೆಲ್ಲ ಕಾರಣ ಹೇಳಲು ಅದೊಂದು ಸಾಕಾಗುತ್ತಿತ್ತು.

ಅಜ್ಜಿಗೆ ಹಾಗನ್ನಿಸಲಿಲ್ಲ. ಮೇ ತಿಂಗಳ ಒಂದು ಶನಿವಾರ ಅವಳು ಹಿಟ್ಟಿನ ಚೀಲ ಹೊತ್ತುಕೊಂಡು ಬಂದು, ನೇರ ಅಮ್ಮನ ಕಾರಿನ ಕಿಟಕಿ ಬಡಿದಳು. ಅಮ್ಮ ಗಾಜು ಇಳಿಸಿದಳು. ನಾನು ಹಿಂದಿನ ಸೀಟಿನಲ್ಲಿದ್ದೆ.

"ವಿದ್ಯಾ, ನಾ ಮೂರು ಸಲ ನೋಡಿದೆ. ನೀ ಅವರಿಗೆ ಕೈ ಸುದ್ದಾ ಮಾಡಂಗಿಲ್ಲ. ಏನಾಗೇತಿ?"

"ಅವ್ವಾ, ಇಲ್ಲಿ ಬ್ಯಾಡ. ಫೋನ್ ಮಾಡ್ತೇನಿ."

"ಫೋನಿನ್ಯಾಗ ಹೇಳೂದಿದ್ರ ಇಷ್ಟೊತ್ತಿಗೆ ಹೇಳ್ತಿದ್ದಿ."

ಅಮ್ಮ ನನ್ನ ಕಡೆ ತಿರುಗಿ ನೋಡಿದಳು, ಮತ್ತೆ ಮುಂದೆ ನೋಡಿದಳು. "ನಾವು ಬ್ಯಾರೆ ಆಗಾಕತ್ತೇವಿ ಅವ್ವಾ," ಎಂದಳು. ಅಜ್ಜಿಯೊಂದಿಗೆ ಅವಳು ಧಾರವಾಡದ ಮಾತಾಡುತ್ತಿದ್ದಳು, ಅಪ್ಪನೊಂದಿಗೆ ಮೈಸೂರಿನ ಮಾತು, ನನ್ನೊಂದಿಗೆ ಹೆಚ್ಚಾಗಿ ಇಂಗ್ಲಿಷ್. 'ಬ್ಯಾರೆ ಆಗುವುದು' ಎಂದರೆ ಏನೆಂದು ನನಗೆ ತಕ್ಷಣ ಹೊಳೆಯಲಿಲ್ಲ. ಬೇರೆ ಏನಾಗುತ್ತಾರೆ, ಬೇರೆ ಯಾರಾಗುತ್ತಾರೆ ಎಂದು ಯೋಚಿಸುತ್ತಾ ಕೂತೆ. ಅಜ್ಜಿ ಹಿಟ್ಟಿನ ಚೀಲವನ್ನು ನೆಲಕ್ಕಿಟ್ಟಳು. ಅವಳ ಮಾಸ್ಕ್ ಒಳಕ್ಕೂ ಹೊರಕ್ಕೂ ಹೋಗುತ್ತಿದ್ದುದು ಕಾಣುತ್ತಿತ್ತು. ಆಮೇಲೆ ಚೀಲ ಎತ್ತಿಕೊಂಡು ಅಪ್ಪನ ಕಾರಿಗೆ ಹೋಗಿ ಕೂತಳು. ಅಲ್ಲಿಂದ ಸ್ಯಾನ್ ಡಿಯೇಗೋವರೆಗೆ ಅವರಿಬ್ಬರೂ ಏನು ಮಾತಾಡಿದರು, ಆಡಿದರೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಭಾನುವಾರ ನಾನು ವಾಪಸ್ ಬಂದೆ. ಮರುದಿನ ಬೆಳಿಗ್ಗೆ ಅಜ್ಜಿ ಎಂದಿನಂತೆ ಒಳಗಿನಿಂದ ಕೆಮ್ಮಿದಳು, ಅಪ್ಪ ಚಹಾ ಕೊಟ್ಟ. ಆದರೆ ಅಂದಿನಿಂದ ಅವಳು "ಬ್ಯಾಡ್ರಿ" ಎನ್ನುವುದನ್ನು ಬಿಟ್ಟಳು.

ಅಮ್ಮನ ಜೊತೆಗಿನ ಆ ಶನಿವಾರ ಅವಳು ನನಗೆ ಎಲ್ಲವನ್ನೂ ಹೇಳಿದಳು ಎಂದು ಅವಳ ನೆನಪು. ಅವಳು ನನಗೆ ಬರ್ಬ್ಯಾಂಕಿನ ಪಾರ್ಕಿನಲ್ಲಿ ಐಸ್‌ಕ್ರೀಮ್ ಕೊಡಿಸಿ, ಜನ ಒಳ್ಳೆಯವರಾಗಿದ್ದರೂ ಒಟ್ಟಿಗೆ ಇರಲಾಗದು ಎಂಬಂಥದ್ದೇನನ್ನೋ ಹೇಳಿದಳು ಎಂದು ನನ್ನ ನೆನಪು. ಯಾಕೆ ಎಂದು ಕೇಳಿದೆ. "ನಿಮ್ಮಪ್ಪ ನನ್ನ ಜೊತೆ ಇರಲೇ ಇಲ್ಲ. ಅವನು ಇರೋದು ನಾನೂರು ವರ್ಷದ ಹಿಂದೆ," ಎಂದಳು. ಮತ್ತೆ ತಾನೇ, "ಹಾಗಂತ ನಾನೂ ಏನು ಮನೇಲಿ ಇದ್ದೆನಾ," ಎಂದಳು. ಯಾರ ತಪ್ಪೆಂದು ತಿಳಿದರೆ ಸರಿಮಾಡಬಹುದು ಎಂದು ನಾನು ಹುಡುಕುತ್ತಿದ್ದೆ. ಅವಳು ಒಂದು ಸಲ ಅಪ್ಪನ ಮೇಲೆ ಹಾಕುತ್ತಿದ್ದಳು, ಕೂಡಲೇ ತನ್ನ ಮೇಲೆ ಎಳೆದುಕೊಳ್ಳುತ್ತಿದ್ದಳು. ಕೊನೆಗೆ ಐಸ್‌ಕ್ರೀಮ್ ಕೈಮೇಲೆಲ್ಲ ಸೋರಿತು.

ಬೇಸಿಗೆಯಲ್ಲಿ ಒಬ್ಬರು ಕೌನ್ಸಿಲರ್ ನನ್ನ ಜೊತೆ ವಿಡಿಯೋದಲ್ಲಿ ಮಾತಾಡಿದರು. ಅಪ್ಪ ಅಮ್ಮ ಇಬ್ಬರೂ ಸೇರಿ ಗೊತ್ತುಮಾಡಿದ ಹೆಂಗಸು. ಬೆಳ್ಳಗಿನ ಕೂದಲು, ಹಿಂದೆ ಗಿಡಗಳ ಕುಂಡಗಳು. ಅಪ್ಪ ಲ್ಯಾಪ್‌ಟಾಪನ್ನು ಬೆಡ್‌ರೂಮಿನಲ್ಲಿ ಇಟ್ಟು, ಬಾಗಿಲು ಹಾಕಿಕೊಂಡು ಹೊರಗೆ ಹೋದ. ಆಕೆ ತುಂಬ ಮೆಲ್ಲಗೆ ಮಾತಾಡುತ್ತಿದ್ದರು. ನಿನಗೆ ಏನು ಬೇಕು ಎಂದು ಕೇಳಿದರು. ಯಾವ ಮನೆಯಲ್ಲಿದ್ದರೆ ನಿನಗೆ ಹಿತ? ಇಲ್ಲಿ ಸರಿ ಉತ್ತರ ತಪ್ಪು ಉತ್ತರ ಎಂದಿಲ್ಲ, ನೀನು ಹೇಳಿದ್ದನ್ನು ಅವರು ಕೇಳಿಸಿಕೊಳ್ಳುತ್ತಾರೆ ಎಂದರು. ನಾನು ಬಹಳ ಹೊತ್ತು ಯೋಚಿಸಿದೆ. ಅಪ್ಪ ಎಂದರೆ ಅಮ್ಮನಿಗೆ ನೋವು, ಅಮ್ಮ ಎಂದರೆ ಅಪ್ಪನಿಗೆ. ನನ್ನ ಒಂದು ಮಾತಿನಿಂದ ಏನೋ ಮುರಿಯುತ್ತದೆ ಎನ್ನಿಸಿತು. ಕೊನೆಗೆ ಸ್ಯಾನ್ ಡಿಯೇಗೋ ಎಂದೆ. ಅಜ್ಜಿ ಇಲ್ಲಿದ್ದಾಳೆ, ನನ್ನ ಶಾಲೆ ಇಲ್ಲಿದೆ ಎಂದು ಕಾರಣಗಳನ್ನೂ ಕೊಟ್ಟೆ. ಆಕೆ ಬರೆದುಕೊಂಡರು. ಆಮೇಲೆ ಎರಡು ದಿನ ಅಮ್ಮನ ಫೋನ್ ಬಂದರೆ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಮೂರನೆಯ ದಿನ ಅಪ್ಪ ವಾಕಿಂಗ್ ಹೋಗಿದ್ದಾಗ, ಕನ್ನಡ ಬರೆಯಲು ಖಾಲಿ ಹಾಳೆ ಬೇಕಾಗಿ ಮೇಜಿನ ಹತ್ತಿರ ಹೋದೆ. ಅಜ್ಜಿ ಆಗ ನನಗೆ ಒತ್ತಕ್ಷರ ಕಲಿಸುತ್ತಿದ್ದಳು. ಅಪ್ಪನ ಹಳೆಯ ಡ್ರಾಫ್ಟುಗಳ ಹಿಂಬದಿಯೇ ನನ್ನ ಸ್ಲೇಟು. ಅಂಥ ಒಂದು ಕಟ್ಟಿನ ಕೆಳಗೆ ನನ್ನ ಹೆಸರಿದ್ದ ಹಾಳೆಗಳು ಸಿಕ್ಕವು. ಶಾಲೆಯ ಹೆಸರು, ಪೂರ್ತಿಯಾಗಿ. ಇಂಗ್ಲಿಷಿನಲ್ಲಿದ್ದುದರಿಂದ ಓದಲು ಕಷ್ಟವಾಗಲಿಲ್ಲ. ಮುಂದಿನ ಶಾಲಾ ವರ್ಷದಿಂದ ಮಗು ತಾಯಿಯೊಂದಿಗೆ ಬರ್ಬ್ಯಾಂಕಿನಲ್ಲಿ ಇರತಕ್ಕದ್ದು. ತಂದೆಯೊಂದಿಗೆ ಇಂತಿಂಥ ವಾರಾಂತ್ಯ, ಇಂತಿಂಥ ರಜೆ. ಕೆಳಗೆ ಇಬ್ಬರ ಸಹಿ. ಸಹಿಯ ಪಕ್ಕದ ತಾರೀಖನ್ನು ಮೂರು ಸಲ ನೋಡಿದೆ. ಕೌನ್ಸಿಲರ್ ನನ್ನನ್ನು ಕೇಳುವುದಕ್ಕೆ ಹನ್ನೆರಡು ದಿನ ಮೊದಲಿನದು.

ಅಪ್ಪ ಬರುವವರೆಗೆ ಆ ಹಾಳೆಗಳನ್ನು ಹಿಡಿದು ಬಾಗಿಲ ಬಳಿ ನಿಂತೆ.

"ಇದು ಮೊದಲೇ ಆಗಿತ್ತು. ಮತ್ತೆ ನನ್ನ ಯಾಕೆ ಕೇಳಿದ್ರಿ?"

ಅಪ್ಪ ಶೂ ಬಿಚ್ಚುತ್ತಿದ್ದವನು ಹಾಗೇ ಬಗ್ಗಿ ನಿಂತ. "ಅದು ಡ್ರಾಫ್ಟ್ ಪುಟ್ಟಿ. ಬದಲಾಯಿಸಬಹುದು."

"ಸಹಿ ಇದೆ."

"ನಿನ್ನ ಕೇಳಬೇಕು ಅಂತ ಇತ್ತು. ಕೇಳಿದ್ವಿ."

"ನಾನು ಸ್ಯಾನ್ ಡಿಯೇಗೋ ಅಂದೆ. ಬದಲಾಯಿಸಿದ್ರಾ?"

ಅವನು ಒಂದು ಶೂ ಬಿಚ್ಚಿ ಬದಿಗಿಟ್ಟ. ನಾನು ಕೇಳಿದೆ: "ಅವಳನ್ನಾದ್ರೂ ಕೇಳಿದ್ರಾ? ಓಕಿಕೊನ? ಪಟ್ಟಕ್ಕೆ ಕೂರಿಸೋಕೆ ಮೊದಲು?"

ಅಪ್ಪ ನಿಧಾನವಾಗಿ ಮೇಜಿನ ಕಡೆ ನೋಡಿದ. ಐದು ವರ್ಷ ಅವನು ಆ ಕಾಗದಗಳಲ್ಲಿ ಹುಡುಕಿದ್ದ. "ದಾಖಲೆ ಇಲ್ಲ," ಎಂದ. "ಯಾರೂ ಬರೆದಿಟ್ಟಿಲ್ಲ." ಆಮೇಲೆ ಅವನು ಅಲ್ಲೇ, ಒಂದು ಕಾಲಿನಲ್ಲಿ ಶೂ ಇಟ್ಟುಕೊಂಡೇ, ನೆಲದ ಮೇಲೆ ಕುಳಿತುಬಿಟ್ಟ. ಅಳುತ್ತಾನೇನೋ ಎಂದು ಹೆದರಿದೆ. ಅವನು ಅಳಲಿಲ್ಲ. ಅಜ್ಜಿ ಅಡುಗೆಮನೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಹೊರಗೆ ಬಂದು ಹಾಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡಳು. ಇಂಗ್ಲಿಷ್ ಬಾರದ ಅವಳು ತಿರುಗಿಸಿ ತಿರುಗಿಸಿ ನೋಡಿ, ಮಗಳ ಸಹಿಯನ್ನು ಮಾತ್ರ ಗುರುತು ಹಿಡಿದಳು.

ಮುಂದಿನ ಶನಿವಾರ ಆರ್ಟೀಸಿಯಾದಲ್ಲಿ ಅಪ್ಪನ ಕಾರಿನಿಂದ ಇಳಿದವಳು ನಾನು ಅಮ್ಮನ ಕಾರು ಹತ್ತಲಿಲ್ಲ. ಮೊದಲೇ ಯೋಚಿಸಿ ಮಾಡಿದ್ದಲ್ಲ. ಎರಡು ಕಾರುಗಳ ನಡುವೆ ಅರ್ಧ ದಾರಿಗೆ ಬಂದೆ, ಕಾಲು ಮುಂದಕ್ಕೆ ಹೋಗಲಿಲ್ಲ. ಸಿಹಿ ಅಂಗಡಿಯ ಹಿಂಬಾಗಿಲ ಪಕ್ಕದ ಕಟ್ಟೆಯ ಮೇಲೆ, ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟೆ. ಬಿಸಿಲು ಸುಡುತ್ತಿತ್ತು. ಒಳಗೆ ಯಾರೋ ಜಿಲೇಬಿ ಕರಿಯುತ್ತಿದ್ದರು. ಅಮ್ಮ ಹಾರ್ನ್ ಒಂದು ಸಲ ಸಣ್ಣಗೆ ಒತ್ತಿದಳು. ಅಪ್ಪ ಕಿಟಕಿಯಿಂದ "ಪುಟ್ಟಿ, ಏನಾಯ್ತು?" ಎಂದ. ನಾನು ಅಲುಗಲಿಲ್ಲ. ಅಜ್ಜಿ ಸಾಲಿನಲ್ಲಿ ತನ್ನ ಜಾಗ ಬಿಟ್ಟು ಬಂದಳು, ನನ್ನನ್ನು ನೋಡಿದಳು, ಸೆರಗು ಸರಿಮಾಡಿಕೊಂಡು ಪಕ್ಕದಲ್ಲಿ ಕೂತಳು.

"ನಾನೂ ಇಲ್ಲೇ ಕುಂಡರ್ತೇನಿ," ಎಂದಳು.

ಎರಡು ಕಾರಿನ ಬಾಗಿಲುಗಳೂ ತೆರೆದವು. ಅವರಿಬ್ಬರೂ ಬಂದು ನಮ್ಮ ಮುಂದೆ ನಿಂತರು, ಇಬ್ಬರ ನಡುವೆ ಒಂದು ಕಾರು ನಿಲ್ಲಿಸುವಷ್ಟು ಜಾಗ ಬಿಟ್ಟು. ಅವರು ಒಟ್ಟಿಗೆ ನಿಂತದ್ದನ್ನು ನಾನು ನೋಡಿ ತಿಂಗಳುಗಳಾಗಿದ್ದವು. ಮಾಸ್ಕಿನ ಮೇಲೆ ಬರೀ ಕಣ್ಣು ಕಾಣುತ್ತಿದ್ದುದರಿಂದ, ಇಬ್ಬರಲ್ಲಿ ಯಾರು ಸಿಟ್ಟಾಗಿದ್ದಾರೆ ಯಾರು ಹೆದರಿದ್ದಾರೆ ಎಂದು ಹೇಳಲಾಗುತ್ತಿರಲಿಲ್ಲ.

"ಅವ್ವಾ, ಏಳು. ಎಲ್ಲಾರೂ ನೋಡಾಕತ್ತಾರ," ಅಮ್ಮ ಹೇಳಿದಳು.

"ನೋಡ್ಲಿ. ವಿದ್ಯಾ, ಕೂಸಿನ್ನ ಕೇಳೂಕಿಂತ ಮೊದಲ ಸಹಿ ಮಾಡಿದ್ದಿ. ಹೌದಲ್ಲ?"

ಅಮ್ಮ ಅಪ್ಪನ ಕಡೆ ನೋಡಿದಳು. ಅಪ್ಪ, "ಅವಳು ನೋಡಿಬಿಟ್ಲು," ಎಂದ.

"ನೀನು ಅದನ್ನ ಮೇಜಿನ ಮೇಲೆ ಇಟ್ಟಿದ್ಯಾ?"

"ಇನ್ನೆಲ್ಲಿ ಇಡಲಿ ವಿದ್ಯಾ? ಆ ಮನೇಲಿ ಇನ್ನೆಲ್ಲಿ ಜಾಗ ಇದೆ?"

"ಜಾಗ ಇರದ ಹಾಗೆ ಮಾಡಿದ್ದು ಯಾರು?"

"ನೀ ಒಂದೊಂದೇ ಸಾಮಾನು ತಗೊಂಡು ಹೋದ್ಯಲ್ಲ, ಆಗ ಜಾಗ ಆಗ್ಬೇಕಿತ್ತು. ಆಗಲಿಲ್ಲ."

ಅವರ ಜಗಳವನ್ನು ನಾನು ಮೊದಲ ಬಾರಿ ಎದುರೆದುರು ಕೇಳಿದ್ದು ಅಂದು, ಜಿಲೇಬಿಯ ವಾಸನೆಯ ನಡುವೆ. ಮನೆಯಲ್ಲಿ ಅವರು ಜಗಳವಾಡುತ್ತಿರಲಿಲ್ಲ, ಮಾತು ನಿಲ್ಲಿಸುತ್ತಿದ್ದರು. ವಿಚಿತ್ರವೆಂದರೆ ನನಗೆ ಸ್ವಲ್ಪ ಸಮಾಧಾನವಾಯಿತು. ಅಜ್ಜಿ ಅವರನ್ನು ತಡೆಯಲಿಲ್ಲ. ಅವರೇ ಸುಸ್ತಾಗಿ ನಿಲ್ಲಿಸಿದ ಮೇಲೆ, "ಮುಗೀತೇನು? ಈಗ ಅಕಿಗೆ ಖರೇ ಹೇಳ್ರಿ," ಎಂದಳು.

ಅಮ್ಮ ಬಂದು ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಇಂಗ್ಲಿಷಿನಲ್ಲಿ ಶುರು ಮಾಡಿ ನಿಲ್ಲಿಸಿ, ಕನ್ನಡದಲ್ಲಿ ಹೇಳಿದಳು:

"ನಾವಿಬ್ರೂ ಒಂದೇ ಮನೇಲಿ ಇರಲ್ಲ. ಅದು ಆಗಿಹೋಗಿದೆ, ಅದನ್ನ ನಿನ್ನ ಕೇಳಲ್ಲ. ನೀನು ಎಲ್ಲಿರ್ತೀಯ ಅನ್ನೋದನ್ನೂ ನಾವೇ ಮಾಡಿಬಿಟ್ವಿ. ಆಮೇಲೆ ಕೇಳಿದ ಹಾಗೆ ಮಾಡಿದ್ವಿ. ಅದು ತಪ್ಪು. ಈಗ ನಿಜವಾಗ್ಲೂ ಕೇಳ್ತೀನಿ. ಎಲ್ಲಿರ್ತೀಯ?"

ಆ ಕ್ಷಣಕ್ಕಾಗಿಯೇ ನಾನು ಕಾದಿದ್ದೆ ಎಂದು ನೀವು ಅಂದುಕೊಳ್ಳಬಹುದು. ನಾನೂ ಹಾಗೆ ಅಂದುಕೊಂಡಿದ್ದೆ. ಆದರೆ ಬಾಯಿ ತೆರೆದಾಗ ಏನೂ ಇರಲಿಲ್ಲ. ಸ್ಯಾನ್ ಡಿಯೇಗೋ ಎಂದು ಹೇಳಿದ್ದವಳು ನಾನೇ, ಆದರೆ ಅದು ಆ ಮೆಲುದನಿಯ ಹೆಂಗಸಿಗೆ ಕೊಟ್ಟ ಉತ್ತರ. ಅಮ್ಮನ ಕಣ್ಣು ಇಷ್ಟು ಹತ್ತಿರದಲ್ಲಿತ್ತು.

"ಗೊತ್ತಿಲ್ಲ," ಎಂದೆ. ಆಮೇಲೆ ಅಳು ಬಂತು. "ನಂಗೆ ಗೊತ್ತಿಲ್ಲ."

"ಗೊತ್ತಿಲ್ಲ ಅಂತ ಬರಕೋರಿ," ಅಜ್ಜಿ ಅಪ್ಪನಿಗೆ ಹೇಳಿದಳು. "ಅದೂ ಒಂದು ಉತ್ತರಾನ."

ಅಪ್ಪ ನಿಜವಾಗಿಯೂ ಜೇಬು ಮುಟ್ಟಿಕೊಂಡು ಪೆನ್ನು ಹುಡುಕಿದ. ಅದನ್ನು ನೋಡಿ ಅಮ್ಮ ನಕ್ಕಳೋ ಅತ್ತಳೋ, ಮಾಸ್ಕಿನ ಹಿಂದೆ ತಿಳಿಯಲಿಲ್ಲ.

ಅವರು ಮತ್ತೆ ಒಂದಾಗಲಿಲ್ಲ. ಕಾಗದ ಮಾತ್ರ ಬದಲಾಯಿತು. ಆ ಶಾಲಾ ವರ್ಷ ಹೇಗಿದ್ದರೂ ಪಾಠವೆಲ್ಲ ಸ್ಕ್ರೀನಿನಲ್ಲಿಯೇ ಇದ್ದುದರಿಂದ ನಾನು ಎರಡು ವಾರ ಇಲ್ಲಿ, ಎರಡು ವಾರ ಅಲ್ಲಿ ಇರುವುದು, ಅಜ್ಜಿ ನನ್ನ ಜೊತೆಯಲ್ಲೇ ಓಡಾಡುವುದು, ವರ್ಷದ ಕೊನೆಗೆ ಮತ್ತೆ ಕೇಳುವುದು ಎಂದಾಯಿತು. ಬರ್ಬ್ಯಾಂಕಿನ ಮನೆಯಲ್ಲಿ ಅಮ್ಮ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಕೆಲಸ ಮಾಡುತ್ತಿದ್ದಳು, ಅಜ್ಜಿ ಕುಕ್ಕರ್ ಕೂಗಿಸಲು ಅವಳ ಅಪ್ಪಣೆ ಪಡೆಯಬೇಕಿತ್ತು. ಸ್ಯಾನ್ ಡಿಯೇಗೋದಲ್ಲಿ ಕತೆ ಮುಂದುವರಿಯಿತು. ಮೇಶೋ ಇಪ್ಪತ್ತೊಂದನೆಯ ವಯಸ್ಸಿಗೆ, ಮತ್ತೆ ಅವರ ಲೆಕ್ಕದಲ್ಲಿ, ಪಟ್ಟವನ್ನು ಮಲತಮ್ಮನಿಗೆ ಬಿಟ್ಟಳು. ಆಮೇಲೆ ಐವತ್ತಮೂರು ವರ್ಷ ಬದುಕಿದಳು. ಯಾರು ಅವಳನ್ನು ನೋಡಲು ಬರಬಹುದು, ಯಾವಾಗ ಬರಬಹುದು ಎಂಬುದಕ್ಕೂ ಶೋಗನ್ ಕಡೆಯಿಂದ ನಿಯಮಗಳಿದ್ದವು. ಹತ್ತಿರದ ರಕ್ತಸಂಬಂಧಿಗಳು, ಅದೂ ಹೊಸ ವರ್ಷದಂಥ ದಿನಗಳಲ್ಲಿ. ಅಷ್ಟು ವರ್ಷ ಅವಳು ಏನು ಮಾಡಿದಳು ಎಂದು ಅಜ್ಜಿ ಕೇಳಿದಳು. ಬಟ್ಟೆಯ ತುಂಡುಗಳನ್ನು ಅಂಟಿಸಿ ಚಿತ್ರ ಮಾಡುವುದು ಅವಳಿಗೆ ಇಷ್ಟವಿತ್ತಂತೆ ಎಂದ ಅಪ್ಪ. "ಹಂಗಾರ ಅಕಿಗೆ ಇಷ್ಟ ಅಂತ ಒಂದರ ಇತ್ತು," ಎಂದಳು ಅಜ್ಜಿ. ಅಪ್ಪ ಆ ವಾಕ್ಯವನ್ನು ಇಂಗ್ಲಿಷಿಗೆ ಮಾಡಿ ತನ್ನ ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ಸೇರಿಸಿದ. ಅವನ ಗೈಡ್ ಅದನ್ನು ಹೊಡೆದುಹಾಕಿದರಂತೆ, ಅವನು ಮತ್ತೆ ಸೇರಿಸಿದನಂತೆ.

ಮರುವರ್ಷ ಏಪ್ರಿಲ್‌ನಲ್ಲಿ ಅಜ್ಜಿಗೆ ವಿಮಾನ ಸಿಕ್ಕಿತು. ಲಾಸ್ ಏಂಜಲೀಸ್ ಏರ್‌ಪೋರ್ಟಿಗೆ ಅಪ್ಪ ಒಂದು ಕಡೆಯಿಂದ, ಅಮ್ಮ ಇನ್ನೊಂದು ಕಡೆಯಿಂದ ಬಂದರು. ಅಜ್ಜಿ ಮಗಳನ್ನು ತಬ್ಬಿ ಅವಳ ಕಿವಿಯಲ್ಲಿ ಏನೋ ಹೇಳಿದಳು. ಅಪ್ಪ ಬಗ್ಗಿ ಅವಳ ಕಾಲು ಮುಟ್ಟಿದ.

"ಕಾಗದದಾಗ ನೀವು ನನಗ ಏನೂ ಅಲ್ಲ ಈಗ," ಅಜ್ಜಿ ಹೇಳಿದಳು. "ಆದ್ರ ದಿನಾ ಚಹಾ ಮಾಡಿ ಕೊಟ್ಟೀರಿ. ನನ್ನ ಮಗಳು ಸುದ್ದಾ ಕೊಟ್ಟಿಲ್ಲ."

"ಅವ್ವಾ!" ಅಮ್ಮ ಅಂದಳು.

ಅಜ್ಜಿ ನನ್ನ ಹತ್ತಿರ ಬಂದಳು. ಎರಡು ಕೈಯಲ್ಲೂ ನನ್ನ ಮುಖ ಹಿಡಿದು ನೋಡಿದಳು, ತಿರುಗಿ ಟ್ರಾಲಿ ತಳ್ಳಿಕೊಂಡು ಹೋದಳು. ಸೆಕ್ಯುರಿಟಿ ಸಾಲಿನಲ್ಲಿ ಅವಳ ಹಸಿರು ಸೀರೆ ಕಾಣುವವರೆಗೆ ನಾವು ಮೂವರೂ ಗಾಜಿನ ಈಚೆ ನಿಂತಿದ್ದೆವು. ಆಮೇಲೆ ಕಾಣಲಿಲ್ಲ. ನಮ್ಮ ನಡುವೆ ಯಾರೂ ಉಳಿಯಲಿಲ್ಲ ಎಂಬುದು ಮೂವರಿಗೂ ಒಟ್ಟಿಗೇ ತಿಳಿದಿರಬೇಕು, ಮೂವರೂ ಒಮ್ಮೆಗೇ ಕಾಲು ಬದಲಿಸಿ ನಿಂತೆವು.

ಪಾರ್ಕಿಂಗ್ ಕಟ್ಟಡದ ಮೂರನೆಯ ಮಹಡಿಯಲ್ಲಿ ಎರಡು ಕಾರುಗಳೂ ಒಂದೇ ಸಾಲಿನಲ್ಲಿದ್ದವು. ಅದು ವಾರ ಬದಲಾಗುವ ದಿನವಲ್ಲ. ಅಜ್ಜಿ ಹೋಗುವ ದಿನಕ್ಕೆ ಯಾರೂ ಯಾವ ನಿಯಮವನ್ನೂ ಮಾಡಿರಲಿಲ್ಲ. ಅಪ್ಪ ತನ್ನ ಕಾರಿನ ಬಾಗಿಲು ತೆರೆದು ನಿಂತ. ಅಮ್ಮ ತನ್ನದನ್ನು. ಒಬ್ಬರು ಏನಾದರೂ ಹೇಳಲಿ ಎಂದು ನಾನು ಕಾದೆ. ಅವರೂ ಕಾದರು. ಕೆಳಗಿನ ಮಹಡಿಯಲ್ಲಿ ಯಾರದೋ ಕಾರಿನ ಅಲಾರಾಂ ಕೂಗಿ ನಿಂತಿತು.

"ಅಮ್ಮನ ಕಾರು," ಎಂದೆ. ಅಪ್ಪನ ಮುಖ ನೋಡಲು ಧೈರ್ಯವಾಗದೆ ನೆಲ ನೋಡಿಕೊಂಡು ಸೇರಿಸಿದೆ: "ಇವತ್ತು."

"ಸರಿ," ಎಂದ ಅಪ್ಪ. ಆಮೇಲೆ, "ಬೆಲ್ಟ್ ಹಾಕ್ಕೋ," ಎಂದ.

ಯಾಕೆ ಅಮ್ಮನ ಕಾರು ಎಂದೆನೋ ನನಗೆ ಆಗ ತಿಳಿಯಲಿಲ್ಲ, ಈಗಲೂ ಹೇಳಲಾರೆ. ಬೆಲ್ಟ್ ಹಾಕಿಕೊಂಡೆ. ಅಮ್ಮ ಕಾರು ಹಿಂದಕ್ಕೆ ತೆಗೆಯುವಾಗ ಅಪ್ಪ ನಮಗೆ ದಾರಿ ಬಿಟ್ಟು, ಕಂಬದ ಪಕ್ಕಕ್ಕೆ ಸರಿದು, ಹಿಂದೆ ಯಾರೂ ಬರುತ್ತಿಲ್ಲ, ಬಾ, ಬಾ ಎಂದು ಅವಳಿಗೆ ಕೈಸನ್ನೆ ಮಾಡುತ್ತಿದ್ದ.